ಓದುಗರ ಪ್ರಶ್ನೆ, ನಮ್ಮ ಉತ್ತರ: ವಲಸೆ ಬಂದವರ ಕೇರಿಯಲ್ಲಿ ತಿನ್ನುತ್ತ ನಡೆಯುವುದು

ನ್ಯೂಯಾರ್ಕ್ ನಗರದ ಲೋವರ್ ಈಸ್ಟ್ ಸೈಡ್ ಎಂಬ ಹಳೆಯ ವಲಸಿಗರ ಬಡಾವಣೆಯಲ್ಲಿ ಮಾರ್ಗದರ್ಶಕರೊಬ್ಬರ ಹಿಂದೆ ಮೂರು ತಾಸು ನಡೆದು, ಅಂಗಡಿಯಿಂದ ಅಂಗಡಿಗೆ ರುಚಿ ನೋಡಿ ಬಂದ ಕಾರವಾರದ ಓದುಗರೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದೆವು. ಅದನ್ನು ಓದಿ ಜಿಲ್ಲೆಯ ಬೇರೆ ಬೇರೆ ಊರುಗಳಿಂದ ಪತ್ರಗಳು ಬಂದಿವೆ. ಈ ಬಾರಿಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಕೇಳಿದವರ ಹೆಸರು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಮಗಳ ಮನೆಗೆ ಹೋಗಿದ್ದಾಗ ಆ ನಡಿಗೆಗೆ ಸೇರಿಕೊಂಡೆ. ಪೀಪಾಯಿಯಿಂದ ತೆಗೆದು ಕೊಟ್ಟ ಉಪ್ಪುನೀರಿನ ಸೌತೆಕಾಯಿ, ಆಲೂಗಡ್ಡೆ ತುಂಬಿದ ಕ್ನಿಶ್, ನಡುವೆ ಈರುಳ್ಳಿ ಇಟ್ಟು ಸುಟ್ಟ ಬಿಯಾಲಿ ಎಂಬ ರೊಟ್ಟಿ ಇವನ್ನೆಲ್ಲ ತಿಂದೆವು. ಪ್ರತಿಯೊಂದರ ಹಿಂದೆಯೂ ಯಾವುದೋ ಊರು ಬಿಟ್ಟು ಬಂದವರ ಕಥೆಯಿತ್ತು. ನಮ್ಮ ಜಿಲ್ಲೆಯಲ್ಲಿ ಹೀಗೆ ನಡೆದು ತಿನ್ನಬಹುದಾದ ಕೇರಿ ಇದೆಯೇ? (ಕಾರವಾರ)

ಉತ್ತರ: ತಾವು ನೋಡಿ ಬಂದ ಬಡಾವಣೆಯ ಗುಣವನ್ನು ಒಂದು ಮಾತಿನಲ್ಲಿ ನೆನಪಿಸಿಕೊಂಡರೆ ಉತ್ತರ ಹೇಳುವುದು ಸುಲಭವಾಗುತ್ತದೆ. ಅಲ್ಲಿನ ಆರ್ಚರ್ಡ್ ಸ್ಟ್ರೀಟಿನ 97ನೇ ನಂಬರಿನ ಬಾಡಿಗೆ ಕಟ್ಟಡ 1863ರಲ್ಲಿ ಕಟ್ಟಿದ್ದು. 1935ರವರೆಗೆ ಸುಮಾರು 7,000 ಜನ ಬೇರೆ ಬೇರೆ ದೇಶಗಳಿಂದ ಬಂದು ಅದೊಂದೇ ಕಟ್ಟಡದಲ್ಲಿ ಬಾಳಿದರು ಎಂದು ಈಗ ಅದನ್ನು ವಸ್ತುಸಂಗ್ರಹಾಲಯವಾಗಿ ನಡೆಸುವವರು ಲೆಕ್ಕ ಹಾಕಿದ್ದಾರೆ. ಅಷ್ಟು ಜನ ಅಷ್ಟು ಇಕ್ಕಟ್ಟಿನಲ್ಲಿ ಇದ್ದದ್ದರಿಂದಲೇ ಅಡುಗೆ ಬೀದಿಗೆ ಬಂತು, ತಳ್ಳುಗಾಡಿಗೆ ಏರಿತು, ಕೊನೆಗೆ ಅಂಗಡಿಯಾಯಿತು. 1888ರಲ್ಲಿ ಆರಂಭವಾದ ಕಾಟ್ಜ್ ಎಂಬ ಮಾಂಸದ ಅಂಗಡಿ ಇಂದಿಗೂ ಅಲ್ಲಿಯೇ ಇದೆ. ಬಿಯಾಲಿಯ ಹೆಸರಿನಲ್ಲಿಯೇ ಪೋಲೆಂಡಿನ ಬಿಯಾಲಿಸ್ಟಾಕ್ ಊರು ಉಳಿದುಕೊಂಡಿದೆ.

ನಮ್ಮಲ್ಲಿ ಇದಕ್ಕೆ ಹತ್ತಿರ ಬರುವ ಊರು ಭಟ್ಕಳ. ಶರಾಬಿ ಹೊಳೆ ಸಮುದ್ರ ಸೇರುವ ಈ ಬಂದರಿಗೆ ಅರಬಸ್ಥಾನದ, ಪರ್ಶಿಯಾದ ವ್ಯಾಪಾರಿಗಳು ಶತಮಾನಗಳ ಕಾಲ ಬಂದು ಹೋಗಿ, ಕೆಲವರು ಇಲ್ಲಿಯೇ ಮದುವೆಯಾಗಿ ನೆಲೆನಿಂತರು. ಅವರ ಸಂತತಿಯೇ ನವಾಯತರು ಎಂಬುದು ಆ ಸಮುದಾಯದಲ್ಲಿ ನಡೆದು ಬಂದ ನಂಬಿಕೆ. ಹೆಸರಿನ ಅರ್ಥವೇ ‘ಹೊಸದಾಗಿ ಬಂದವರು’ ಎಂದು ವಿವರಿಸುವವರಿದ್ದಾರೆ. ಅವರಾಡುವ ನವಾಯತಿ ಮಾತಿನ ಬುಡ ಕೊಂಕಣಿ. ಅದರ ಮೇಲೆ ಅರಬಿ, ಪಾರಸಿ ಪದಗಳು ಕೂತಿವೆ. ಬರೆಯುವುದು ಅರಬಿ-ಪಾರಸಿ ಲಿಪಿಯಲ್ಲಿ. ಅಡುಗೆಯೂ ಹೆಚ್ಚುಕಡಿಮೆ ಇದೇ ರೀತಿ ಕಟ್ಟಿಕೊಂಡದ್ದು, ಆ ಮಾತಿಗೆ ಮುಂದೆ ಬರುತ್ತೇನೆ. ವಿಜಯನಗರದ ಕಾಲದಲ್ಲಿ ಈ ಬಂದರಿನಲ್ಲಿ ಹಡಗಿನಿಂದ ಇಳಿಯುತ್ತಿದ್ದ ಮುಖ್ಯ ಸರಕು ಕುದುರೆ. ಹಡಗಿಗೆ ಏರುತ್ತಿದ್ದದ್ದು ಅಕ್ಕಿ, ಸಕ್ಕರೆ, ಕಬ್ಬಿಣ, ಕಾಳುಮೆಣಸು. 1502ರಲ್ಲಿ ವಾಸ್ಕೋ ಡ ಗಾಮ ಇಲ್ಲಿನ ಹಡಗುಗಳಿಗೆ ಬೆಂಕಿಯಿಟ್ಟು ಊರಿನ ಮೇಲೆ ಹೊರಿಸಿದ ಕಪ್ಪವೂ ಅಕ್ಕಿಯ ರೂಪದ್ದೇ ಆಗಿತ್ತು.

ನಡಿಗೆಗೆ ಸಂಜೆಯ ಹೊತ್ತು ಒಳ್ಳೆಯದು. ಬಿಸಿಲು ಇಳಿದ ಮೇಲೆ ಹಳೆ ಪೇಟೆಯ ಕಡೆಯಿಂದ ಹೊರಟು, ಭಟ್ಕಳ ಮಲ್ಲಿಗೆಯ ದಂಡೆ ಕಟ್ಟಿ ಮಾರುವವರನ್ನು ದಾಟಿ, ಊರಿನವರು ಚಿನ್ನದ ಪಳ್ಳಿ ಎನ್ನುವ ಜಾಮಿಯಾ ಮಸೀದಿಯನ್ನು ಹೊರಗಿನಿಂದ ನೋಡಿಕೊಂಡು, ಸುಲ್ತಾನ್ ಸ್ಟ್ರೀಟ್, ಖಲೀಫಾ ಸ್ಟ್ರೀಟ್‌ಗಳ ಹಳೆಯ ಮನೆಗಳ ಸಾಲಿನಲ್ಲಿ ನಿಧಾನ ನಡೆದರೆ ಎರಡು ಎರಡೂವರೆ ತಾಸು ಸಾಕಾಗುತ್ತದೆ. ಬೇಕರಿಯ ತಿನಿಸು, ಚಹಾ, ಕಬಾಬು, ಕೊನೆಯಲ್ಲಿ ಬಿರಿಯಾನಿ ಬೀದಿಯಲ್ಲಿಯೇ ಸಿಗುತ್ತವೆ. ಆದರೆ ನವಾಯತರ ಅಡುಗೆಯಲ್ಲಿ ನಿಜವಾಗಿ ತಿಂದು ನೋಡಬೇಕಾದದ್ದು ಹೆಚ್ಚಾಗಿ ಬೀದಿಗೆ ಬರುವುದಿಲ್ಲ. ಕೊಂಕಣಿಯ ಪೊಳೊ, ಅಂದರೆ ದೋಸೆಯ ಜಾತಿಗೆ ಸೇರಿದ ‘ಪೊಳಿ’, ಅಕ್ಕಿಹಿಟ್ಟಿನ ಪುಟ್ಟ ಉಂಡೆಗಳನ್ನು ಸೀಗಡಿಯ ಅಥವಾ ಮಾಂಸದ ಮಸಾಲೆಯಲ್ಲಿ ಬೇಯಿಸುವ ‘ಮುಡ್ಕುಳೆ’, ಅನ್ನದ ಬದಲು ಶಾವಿಗೆಯನ್ನು ಪದರಪದರವಾಗಿ ಹಾಸಿ ಮಾಡುವ ‘ಶಯ್ಯೊ ಬಿರಿಯಾನಿ’ ಇವೆಲ್ಲ ಮನೆಯ ಒಲೆಯ ಮೇಲಿನ ಸಂಗತಿಗಳು. ತಾವು ನೋಡಿದ ನ್ಯೂಯಾರ್ಕಿನ ಬಡಾವಣೆಗೂ ಭಟ್ಕಳಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ ಇದೆ. ಅಲ್ಲಿ ಬಾಡಿಗೆ ಕೋಣೆಯ ಇಕ್ಕಟ್ಟು ಅಡುಗೆಯನ್ನು ಹೊರಗೆ ತಳ್ಳಿತು. ಇಲ್ಲಿ ವ್ಯಾಪಾರಿ ಮನೆತನಗಳು ದೊಡ್ಡ ಮನೆ ಕಟ್ಟಿಕೊಂಡು ಅಡುಗೆಯನ್ನು ಒಳಗಿಟ್ಟುಕೊಂಡವು. ಆದ್ದರಿಂದ ಊರಿನ ಪರಿಚಿತರ ಮೂಲಕ ಮುಂಚಿತವಾಗಿ ಹೇಳಿ, ದುಡ್ಡು ಕೊಟ್ಟು ಮಾಡಿಸಿಕೊಂಡ ಒಂದಾದರೂ ಮನೆಯಡುಗೆ ನಡಿಗೆಯ ನಡುವೆ ಬರುವಂತೆ ನೋಡಿಕೊಂಡರೆ ಮಾತ್ರ ಭಟ್ಕಳವನ್ನು ತಿಂದಂತೆ.

ಉಪ್ಪುನೀರಿನ ಸೌತೆಕಾಯಿಯನ್ನು ತಾವು ಅಷ್ಟು ಬೆರಗಿನಿಂದ ವರ್ಣಿಸಿದ್ದನ್ನು ಓದಿ ನನಗೆ ಸ್ವಲ್ಪ ನಗು ಬಂತು, ತಪ್ಪು ತಿಳಿಯಬೇಡಿ. ಸಬ್ಬಸಿಗೆ ಮತ್ತು ಬೆಳ್ಳುಳ್ಳಿಯನ್ನು ಬಿಟ್ಟರೆ ಅದು ಶಿರಸಿ ಸೀಮೆಯ ಅಜ್ಜಿಯರು ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿ ಭರಣಿಯ ಬಾಯಿ ಕಟ್ಟಿಡುವ ಕ್ರಮವೇ.

ಪ್ರಶ್ನೆ: ಭಟ್ಕಳದಲ್ಲಿ ನಮ್ಮನ್ನು ಕರೆದುಕೊಂಡು ಹೋದವರು ಬಿರಿಯಾನಿ ತೋರಿಸಿ, ಇದು ಸಾವಿರ ವರ್ಷದ ಹಿಂದೆ ಅರಬರ ಹಡಗಿನಲ್ಲಿ ಬಂದದ್ದು ಹೀಗೆಯೇ ಉಳಿದಿದೆ ಎಂದರು. ಇದು ನಿಜವೇ? (ಹೊನ್ನಾವರ)

ಉತ್ತರ: ‘ಹೀಗೆಯೇ’ ಎಂಬ ಮಾತೊಂದನ್ನು ಬಿಟ್ಟರೆ ಉಳಿದದ್ದರ ಬಗ್ಗೆ ಜಗಳವಾಡಬೇಕಾಗಿಲ್ಲ. ಬಿರಿಯಾನಿ ಎಂಬ ಶಬ್ದ ಪಾರಸಿಯಿಂದ ಬಂದದ್ದು. ಮಾಂಸ ಮತ್ತು ಅನ್ನವನ್ನು ಒಂದರ ಮೇಲೊಂದು ಹಾಸಿ ದಮ್ಮಿನಲ್ಲಿ ಇಡುವ ವಿಧಾನದ ಹಿಂದೆ ಪಶ್ಚಿಮದ ನೆಂಟಸ್ತಿಕೆ ಇದೆ. ಆದರೆ ಭಟ್ಕಳದ ಬಿರಿಯಾನಿಯನ್ನು ಹೈದರಾಬಾದಿನದ್ದರಿಂದ ಬೇರೆ ಮಾಡುವುದು ಯಾವುದೆಂದು ಬಟ್ಟಲಿನಲ್ಲಿ ಹುಡುಕಿ ನೋಡಿ. ಅಡಿಯಲ್ಲಿ ಕರಗುವಷ್ಟು ಬೇಯಿಸಿದ ಈರುಳ್ಳಿಯ ದಪ್ಪ ಮಸಾಲೆ, ಅದರಲ್ಲಿ ಬೆಳ್ಳುಳ್ಳಿ, ಹಸಿಮೆಣಸು, ಎದ್ದು ಕಾಣುವ ಕರಿಬೇವಿನ ಘಮ, ಮೇಲೆ ಅಲ್ಲಲ್ಲಿ ಕೇಸರಿ ಬಣ್ಣ ತಾಗಿದ ಬಿಳಿ ಅನ್ನ. ಕರಿಬೇವು ನಮ್ಮ ಹಿತ್ತಲಿನದು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ಚುಗೀಸರ ಮೂಲಕ ಬಂದದ್ದು. 1498ಕ್ಕಿಂತ ಮೊದಲು ಈ ದೇಶದ ಯಾವ ಅಡುಗೆಮನೆಯಲ್ಲಿಯೂ ಅದು ಇರಲಿಲ್ಲ. ಎಂದ ಮೇಲೆ ಅರಬರ ಹಡಗಿನಲ್ಲಿ ಬಂದ ಪಾತ್ರೆ ಯಾವುದೇ ಇರಲಿ, ಅದರಲ್ಲಿ ಇವತ್ತಿನ ಖಾರ ಇರುವುದು ಸಾಧ್ಯವಿಲ್ಲ.

ಹಳೆಯ ಕಾಲದ ಊಟ ಹೇಗಿತ್ತೆಂದು ತಿಳಿಯಲು ತಮ್ಮ ಊರಿನಲ್ಲಿಯೇ ಒಬ್ಬ ಸಾಕ್ಷಿಯಿದ್ದಾನೆ. ಮೊರೊಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತ 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದು ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡ ಊಟವನ್ನು ಕ್ರಮವಾಗಿ ಬರೆದಿಟ್ಟಿದ್ದಾನೆ. ತಾಮ್ರದ ಸೌಟಿನಿಂದ ಅನ್ನ ಬಡಿಸಿ ಮೇಲೆ ತುಪ್ಪ ಹೊಯ್ಯುತ್ತಾರೆ. ಪಕ್ಕಕ್ಕೆ ಉಪ್ಪಿನಲ್ಲಿ ಹಾಕಿದ ಕಾಳುಮೆಣಸಿನ ಗೊಂಚಲು, ಹಸಿ ಶುಂಠಿ, ಲಿಂಬೆ ಮತ್ತು ಮಾವಿನ ಉಪ್ಪಿನಕಾಯಿ. ಒಂದು ತುತ್ತು ಅನ್ನಕ್ಕೆ ಒಂದು ಚೂರು ಉಪ್ಪಿನಕಾಯಿ. ಆಮೇಲೆ ಕೋಳಿ, ಅದರ ನಂತರ ಮೀನು, ತುಪ್ಪದಲ್ಲಿ ಬೇಯಿಸಿದ ತರಕಾರಿ, ಕೊನೆಗೆ ಮೊಸರು. ಊಟ ಮುಗಿದ ಮೇಲೆ ಕುಡಿಯಲು ಬಿಸಿನೀರು. ಈ ಸುಲ್ತಾನನ ಬಳಿ ತಾನು ಹನ್ನೊಂದು ತಿಂಗಳು ಇದ್ದರೂ ರೊಟ್ಟಿಯ ಮುಖ ಕಾಣಲಿಲ್ಲ, ಇಲ್ಲಿನವರ ಆಹಾರ ಅನ್ನವೇ ಎಂದು ಅವನು ಹೇಳಿಕೊಂಡಿದ್ದಾನೆ. ಕೋಳಿ, ಮೀನು ಎರಡನ್ನು ತೆಗೆದರೆ ಇದು ಇವತ್ತಿಗೂ ನಮ್ಮ ಘಟ್ಟದ ಮೇಲಿನ ಯಾವುದೇ ಮನೆಯ ಬಾಳೆಲೆಯ ಊಟ. ಹಸಿ ಕಾಳುಮೆಣಸಿನ ಉಪ್ಪಿನಕಾಯಿ ಈಗಲೂ ಹಾಕುವ ಮನೆಗಳಿವೆ. ಅರಬಿ ಹೆಸರಿನ ಸುಲ್ತಾನ, ಕರಾವಳಿಯ ಅಕ್ಕಿ, ಮಲೆನಾಡಿನ ಮೆಣಸು ಏಳುನೂರು ವರ್ಷಗಳ ಹಿಂದೆಯೇ ಒಂದೇ ತಟ್ಟೆಗೆ ಬಂದಿದ್ದವು.

ಆದ್ದರಿಂದ ಇಂಥ ನಡಿಗೆಯಲ್ಲಿ ಮಾರ್ಗದರ್ಶಕರನ್ನು ‘ಈ ತಿಂಡಿ ಎಲ್ಲಿಂದ ಬಂತು’ ಎಂದು ಕೇಳುವುದಕ್ಕಿಂತ ‘ಇದರೊಳಗಿನ ಒಂದೊಂದು ಸಾಮಾನು ಎಲ್ಲಿಂದ ಬಂತು, ಇಲ್ಲಿಗೆ ಬಂದ ಮೇಲೆ ಯಾವುದರ ಬದಲು ಯಾವುದು ಸೇರಿತು’ ಎಂದು ಕೇಳುವುದು ಹೆಚ್ಚು ಲಾಭದ ಕೆಲಸ. ಶಾವಿಗೆ ಬಿರಿಯಾನಿಯ ‘ಶಯ್ಯೊ’ ಕೊಂಕಣಿಯ ಶೆವಯೊ ಎಂಬ ಪದದ ಬಳಗವೇ ಎಂದು ಕಿವಿಯೇ ಹೇಳುತ್ತದೆ. ಇನ್ನು ಅದೇ ಬೀದಿಯಲ್ಲಿ ಕಾಣುವ ಶವರ್ಮಾವನ್ನು ಯಾರಾದರೂ ಪುರಾತನ ಅರಬಿ ಪರಂಪರೆ ಎಂದರೆ ನಂಬಬೇಡಿ. ಭಟ್ಕಳದ ಮಕ್ಕಳು ದುಡಿಯಲು ದುಬೈಗೆ ಹೋಗಿ ಬರಲು ತೊಡಗಿದ ಮೇಲೆ ಖರ್ಜೂರ, ಹಾಲಿನ ಪುಡಿ, ಅತ್ತರುಗಳ ಜೊತೆಗೆ ವಿಮಾನದಲ್ಲಿ ಬಂದ ರುಚಿ ಅದು. ಅದೂ ವಲಸೆಯ ಕಥೆಯೇ, ಆದರೆ ಈ ಸಲ ಹೊರಟವರು ನಮ್ಮೂರಿನವರು.

ಪ್ರಶ್ನೆ: ನಾವು ಹವ್ಯಕರು, ಮನೆಯಲ್ಲಿ ಮೊಟ್ಟೆಯೂ ಇಲ್ಲ. ಮಕ್ಕಳಿಗೆ ಇಂಥ ಕೇರಿ ತೋರಿಸಬೇಕೆಂಬ ಆಸೆಯಿದೆ. ಹೋಗಿ ಏನೂ ತಿನ್ನದೆ ಬಂದರೆ ಅಲ್ಲಿನವರಿಗೆ ಬೇಸರವಾಗುವುದಿಲ್ಲವೇ? (ಶಿರಸಿ)

ಉತ್ತರ: ಸಸ್ಯಾಹಾರ ಎಂದು ಮೊದಲೇ ಹೇಳಿದರೆ ಯಾರಿಗೂ ಬೇಸರವಾಗುವುದಿಲ್ಲ, ಬಡಿಸಿದ ಮೇಲೆ ಮುಖ ಸಿಂಡರಿಸಿದರೆ ಆಗುತ್ತದೆ. ಭಟ್ಕಳದಲ್ಲಿ ನಿಮ್ಮ ಪಾಲಿಗೆ ಸಿಹಿ, ಹಣ್ಣು, ಚಹಾ ಮತ್ತು ಸಸ್ಯಾಹಾರಿ ಹೋಟೆಲಿನ ತಿಂಡಿ ಇರುತ್ತದೆ. ಬೇಕರಿಯ ತಿನಿಸಿಗೆ ಮೊಟ್ಟೆ ಬಿದ್ದಿದೆಯೇ, ಕರಿದ ತಿಂಡಿಗೆ ಬೇರೆ ಎಣ್ಣೆ ಬಳಸುತ್ತಾರೆಯೇ ಎಂಬುದನ್ನು ಒಮ್ಮೆ ಕೇಳಿ ತಿಳಿದುಕೊಳ್ಳಿ. ಸಂಕೋಚ ಬೇಡ, ನಮ್ಮ ಮನೆಗೆ ಬಂದವರು ಕೇಳಿದರೆ ನಾವು ತಪ್ಪು ತಿಳಿಯುತ್ತೇವೆಯೇ?

ಮಕ್ಕಳ ಜೊತೆ ಹೋಗುವುದಾದರೆ ನಾನು ಕಾರವಾರದ ಬೆಳಗ್ಗೆಯ ಒಂದು ಚಿಕ್ಕ ನಡಿಗೆಯನ್ನೂ ಹೇಳುತ್ತೇನೆ. ಗೋವೆಯಲ್ಲಿ ಪೋರ್ಚುಗೀಸರ ಮತಾಂತರದ ಒತ್ತಡ ಹೆಚ್ಚಿ, 1560ರಲ್ಲಿ ಧಾರ್ಮಿಕ ವಿಚಾರಣೆಯ ನ್ಯಾಯಾಲಯವೂ ಬಂದ ಮೇಲೆ ದೇವರ ಮೂರ್ತಿಗಳನ್ನು ಹೊತ್ತು ದಕ್ಷಿಣಕ್ಕೆ ನಡೆದ ಕೊಂಕಣಿಗರ ಮನೆತನಗಳು ನಮ್ಮ ಕರಾವಳಿಯ ಉದ್ದಕ್ಕೂ ಇವೆ. ಅವರಿಗಿಂತ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ ಗೋವೆಯಿಂದ ಬಂದ ಕ್ರೈಸ್ತರ ಮನೆಗಳೂ ಅದೇ ಊರುಗಳಲ್ಲಿವೆ. ಕಾರವಾರದ ಸಾಧಾರಣ ಹೋಟೆಲಿನಲ್ಲಿ ಕುಳಿತು ಪಾತಳ ಭಾಜಿ ಎಂಬ ತೆಳ್ಳನೆಯ ಪಲ್ಯ ಮತ್ತು ಪಾವ್ ತರಿಸಿಕೊಂಡರೆ ಈ ಕಥೆಯೆಲ್ಲ ಎರಡು ಬಟ್ಟಲಲ್ಲಿ ಸಿಗುತ್ತದೆ: ಪಾವ್ ಎಂಬ ಪದವೂ ಪದಾರ್ಥವೂ ಪೋರ್ಚುಗೀಸರದು, ಭಾಜಿಯ ತೆಂಗಿನಕಾಯಿ ಊರಿನದು, ಅದರ ಮೆಣಸಿನಕಾಯಿ ಮತ್ತು ಆಲೂಗಡ್ಡೆ ಅಟ್ಲಾಂಟಿಕ್ ಸಾಗರದಾಚೆಯವು. ಯಾರ ಕೈಯಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟರೋ ಅವರು ತಂದ ಮೆಣಸಿನಕಾಯಿ ಇಲ್ಲದೆ ಇವತ್ತು ಕೊಂಕಣಿಗರ ಗಸಿ ಇಲ್ಲ ಎಂಬುದನ್ನು ಮಕ್ಕಳಿಗೆ ಹೇಳಿ ನೋಡಿ, ಪಠ್ಯಪುಸ್ತಕಕ್ಕಿಂತ ಬೇಗ ನೆನಪುಳಿಯುತ್ತದೆ. ಊಟಕ್ಕೆ ಮುರುಗಲಿನ ಕಡಿ ಸಿಕ್ಕರೆ ಬಿಡಬೇಡಿ. ಅದು ಎಲ್ಲಿಂದಲೂ ಬಂದದ್ದಲ್ಲ.

ಪ್ರಶ್ನೆ: ಪದವಿ ಮುಗಿಸಿದ್ದೇನೆ. ಕರಾವಳಿಗೆ ಬರುವ ಪ್ರವಾಸಿಗರಿಗೆ ಇಂಥ ನಡಿಗೆ ನಡೆಸಿ ಜೀವನ ಮಾಡಬಹುದೇ? ಆರಂಭಿಸುವವರು ಏನನ್ನು ಗಮನಿಸಬೇಕು? (ಕುಮಟಾ)

ಉತ್ತರ: ಇದೊಂದರಿಂದಲೇ ವರ್ಷಪೂರ್ತಿ ಜೀವನ ನಡೆಯುತ್ತದೆಂದು ಹೇಳಲು ನನಗೆ ಧೈರ್ಯವಿಲ್ಲ, ಗೋಕರ್ಣ, ಮುರ್ಡೇಶ್ವರಗಳಿಗೆ ಜನ ಬರುವ ತಿಂಗಳುಗಳಲ್ಲಿ ಕೈಗೆ ನಾಲ್ಕು ಕಾಸು ಬರಬಹುದು. ಆರಂಭಿಸುವುದಾದರೆ ನಾನು ಮಾಡಿದ ತಪ್ಪಿನಿಂದಲೇ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಧಾರವಾಡದಿಂದ ಬಂದ ಐದು ಜನ ಸ್ನೇಹಿತರಿಗೆ ಭಟ್ಕಳ ತೋರಿಸುತ್ತೇನೆಂದು ಜಂಬದಿಂದ ಕರೆದುಕೊಂಡು ಹೋದೆ. ತಲುಪಿದಾಗ ಶುಕ್ರವಾರ ಮಧ್ಯಾಹ್ನ ಹನ್ನೆರಡೂವರೆ. ನಮಾಜಿನ ಹೊತ್ತಾದ್ದರಿಂದ ಕೇರಿಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಕಾದು ಕಾದು ಕೊನೆಗೆ ಹೆದ್ದಾರಿಯ ಬದಿಯಲ್ಲಿ ಇಡ್ಲಿ ತಿಂದು ಮರಳಿದೆವು. ಆ ಸ್ನೇಹಿತರು ಈಗಲೂ ಫೋನ್ ಮಾಡಿದಾಗ ಭಟ್ಕಳದ ಇಡ್ಲಿ ಹೇಗಿದೆ ಎಂದು ಕೇಳುತ್ತಾರೆ. ಹೋಗುವ ಕೇರಿಯ ವಾರ, ಪ್ರಾರ್ಥನೆ, ಹಬ್ಬ, ಸೂತಕ, ಮದುವೆ ಇವುಗಳ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳದವನು ಮಾರ್ಗದರ್ಶಕನಾಗಲಾರ. ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಅತಿಥಿಗಳನ್ನು ಕಟ್ಟಿಕೊಂಡು ಉಪವಾಸದವರ ಎದುರು ತಿನ್ನುತ್ತ ನಡೆಯುವುದು ಮರ್ಯಾದೆಯಲ್ಲ. ಅದೇ ತಿಂಗಳ ಸಂಜೆ, ಉಪವಾಸ ಬಿಟ್ಟ ನಂತರ ಪೇಟೆಗೆ ಹೋದರೆ ಊರು ಬೇರೆಯೇ ಆಗಿರುತ್ತದೆ.

ಎಂಟು ಜನರಿಗಿಂತ ಹೆಚ್ಚು ಬೇಡ. ಹಳೆಯ ಕೇರಿಯ ದಾರಿ ಕಿರಿದು, ಅಂಗಡಿಯ ಮುಂದಿನ ಜಗಲಿ ಇನ್ನೂ ಕಿರಿದು. ಹದಿನೈದು ಜನ ನಿಂತರೆ ದಿನವೂ ಬರುವ ಗಿರಾಕಿಗಳು ಹೊರಗೆ ಉಳಿಯುತ್ತಾರೆ, ಅಂಗಡಿಯವನಿಗೆ ನೀವು ತಂದ ಲಾಭಕ್ಕಿಂತ ಕಳೆದ ವ್ಯಾಪಾರವೇ ಹೆಚ್ಚಾಗುತ್ತದೆ. ರುಚಿ ನೋಡಲೆಂದು ಪುಕ್ಕಟೆ ಕೇಳುವ ಚಾಳಿ ಕೆಲವು ನಗರಗಳ ಮಾರ್ಗದರ್ಶಕರಲ್ಲಿ ಇದೆ. ಅಂಗಡಿಗೆ ಜಾಹೀರಾತು ಸಿಗುತ್ತದಲ್ಲ ಎಂಬುದು ಅವರ ವಾದ, ನನಗದು ಒಪ್ಪಿಗೆಯಿಲ್ಲ. ಹಿಂದಿನ ದಿನವೇ ಎಷ್ಟು ತಟ್ಟೆ ಬೇಕೆಂದು ತಿಳಿಸಿ, ಪೂರ್ತಿ ದರ ಕೊಟ್ಟು, ಇಬ್ಬರಿಗೆ ಒಂದು ತಟ್ಟೆಯಂತೆ ಹಂಚಿ. ಮೊದಲನೆಯ ಅಂಗಡಿಯಲ್ಲಿಯೇ ಬಿರಿಯಾನಿ ತಿನ್ನಿಸಿದರೆ ನಡಿಗೆ ಅಲ್ಲಿಗೇ ಮುಗಿಯಿತು. ಹಗುರವಾದದ್ದು ಮೊದಲು, ಹುಳಿ ಮತ್ತು ಖಾರ ನಡುವೆ, ಭಾರವಾದದ್ದು ಕೊನೆಗೆ, ಪ್ರತಿ ಎರಡು ತಿನಿಸಿನ ನಡುವೆ ಹತ್ತು ನಿಮಿಷವಾದರೂ ನಡೆಯಬೇಕು. ಗೇರುಬೀಜ, ಸೀಗಡಿ, ಮೊಟ್ಟೆ ಯಾರ ಮೈಗೆ ಒಗ್ಗುವುದಿಲ್ಲ ಎಂಬುದನ್ನು ಹೊರಡುವ ಮೊದಲೇ ಕೇಳಿ ಬರೆದುಕೊಳ್ಳಿ. ಕುಡಿಯುವ ನೀರು, ಕೈ ತೊಳೆಯುವ ಜಾಗ, ಶೌಚಾಲಯ ಎಲ್ಲೆಲ್ಲಿ ಎಂಬುದು ಇತಿಹಾಸಕ್ಕಿಂತ ಮೊದಲು ನಿಮಗೆ ಗೊತ್ತಿರಬೇಕು.

ಮನೆಯಲ್ಲಿ ಅಡುಗೆ ಮಾಡಿ ಕೊಡುವ ಹೆಂಗಸರನ್ನು ನಡಿಗೆಗೆ ಸೇರಿಸಿಕೊಂಡರೆ ನಡಿಗೆಗೆ ಸತ್ವ ಬರುತ್ತದೆ ಎಂದು ಮೇಲೆ ಬರೆದಿದ್ದೇನೆ. ಆದರೆ ಮಾರುವ ಉದ್ದೇಶದಿಂದ ಅಡುಗೆ ಮಾಡುವವರು ಎಷ್ಟೇ ಸಣ್ಣವರಾಗಿದ್ದರೂ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಬೇಕು. ಅರ್ಜಿ ಆನ್‌ಲೈನಿನಲ್ಲಿಯೇ ತುಂಬಬಹುದು, ಆ ಕೆಲಸದಲ್ಲಿ ನೀವು ಅವರಿಗೆ ನೆರವಾದರೆ ನಂಬಿಕೆಯೂ ಬೆಳೆಯುತ್ತದೆ. ಅತಿಥಿಗಳ ಮೊಬೈಲನ್ನು ಹಿಡಿತದಲ್ಲಿ ಇಡುವ ಕೆಲಸವೂ ನಿಮ್ಮದೇ. ಬೀದಿ, ಅಂಗಡಿ, ತಟ್ಟೆಯ ಚಿತ್ರ ತೆಗೆಯಲಿ. ಜಗಲಿಯಲ್ಲಿ ನಿಂತ ಹೆಂಗಸರ, ಮದರಸದಿಂದ ಬರುವ ಮಕ್ಕಳ ಚಿತ್ರ ಬೇಡ ಎಂದು ಹೊರಡುವಾಗಲೇ ಹೇಳಿ. ಇನ್ನೊಂದು ಮಾತನ್ನು ಕೇಳಿಸಿಕೊಳ್ಳಿ: ನೀವು ಆ ಕೇರಿಯವರಲ್ಲದಿದ್ದರೆ ಅಲ್ಲಿನ ಯುವಕನೊಬ್ಬನನ್ನೋ ಯುವತಿಯೊಬ್ಬಳನ್ನೋ ಸಮಪಾಲಿಗೆ ಸೇರಿಸಿಕೊಂಡು ನಡೆಸುವುದು ಒಳ್ಳೆಯದು. ತನ್ನ ಅಜ್ಜಿ ಮುಡ್ಕುಳೆ ಉರುಟುವಾಗ ಏನು ಬೈಯುತ್ತಿದ್ದಳು ಎಂದು ಹೇಳಬಲ್ಲವರ ಎದುರು ನಮ್ಮ ನಿಮ್ಮ ಓದು ಸಪ್ಪೆಯಾಗುತ್ತದೆ.

ಪ್ರಶ್ನೆ: ವಲಸೆಯ ಕೇರಿ ಎಂದರೆ ಮುಂಡಗೋಡದ ಟಿಬೇಟಿಯನ್ ಕ್ಯಾಂಪ್ ಏಕಲ್ಲ? ಅಲ್ಲಿಯೂ ನಡೆದು ತಿನ್ನಬಹುದಲ್ಲವೇ? (ಯಲ್ಲಾಪುರ)

ಉತ್ತರ: ಖಂಡಿತ ತಿನ್ನಬಹುದು, ಆದರೆ ಪೂರ್ತಿ ನಡೆಯಲು ಆಗುವುದಿಲ್ಲ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ನಂತರ ನಿರಾಶ್ರಿತರಿಗಾಗಿ ಅಂದಿನ ಮೈಸೂರು ರಾಜ್ಯ ಕೊಟ್ಟ ಜಾಗಗಳಲ್ಲಿ ಮುಂಡಗೋಡದ್ದು 1966ರದು. ಕಾಡು ಕಡಿದು ಮಾಡಿದ ಹೊಲಗಳ ನಡುವೆ ಒಂದನೇ ಕ್ಯಾಂಪ್, ಎರಡನೇ ಕ್ಯಾಂಪ್ ಎಂದು ಸಂಖ್ಯೆಯ ಹೆಸರಿನ ಹಳ್ಳಿಗಳು ದೂರ ದೂರ ಇವೆ. ಒಂದರಿಂದ ಇನ್ನೊಂದಕ್ಕೆ ರಿಕ್ಷಾ ಬೇಕು. ಗಾಂದೆನ್ ಮತ್ತು ದ್ರೆಪುಂಗ್ ಎಂಬ ಎರಡು ಮಹಾವಿಹಾರಗಳು ಮರುಸ್ಥಾಪನೆಯಾದ ಲಾಮಾ ಕ್ಯಾಂಪಿನ ಸುತ್ತ ಮಾತ್ರ ಕಾಲ್ನಡಿಗೆಯಲ್ಲಿ ಸುತ್ತಾಡಿ ಥುಕ್ಪಾ ಎಂಬ ನೂಡಲ್ಸ್ ಸಾರು, ಮೊಮೊ ಎಂಬ ಹೂರಣ ತುಂಬಿದ ಕಡುಬು, ಆವಿಯಲ್ಲಿ ಬೇಯಿಸಿದ ತಿಂಗ್ಮೊ ಎಂಬ ರೊಟ್ಟಿ, ತಣ್ಣಗೆ ಖಾರವಾಗಿ ತಿನ್ನುವ ಲಾಫಿಂಗ್ ಇವುಗಳ ರುಚಿ ನೋಡಬಹುದು. ಶಿರಸಿಯ ಓದುಗರಿಗೆ ಇಲ್ಲಿ ತರಕಾರಿ ಮೊಮೊ, ತರಕಾರಿ ಥುಕ್ಪಾ ಎರಡೂ ಸಿಗುತ್ತವೆ.

ಸಾಮಾನಿನ ಕಥೆ ಇಲ್ಲಿ ಭಟ್ಕಳಕ್ಕಿಂತ ಹೊಸದು, ಹಾಗಾಗಿ ಕಣ್ಣಿಗೆ ಕಾಣುವಂತಿದೆ. ಟಿಬೆಟಿನ ನಿತ್ಯದ ಆಹಾರ ತ್ಸಾಂಪಾ ಎಂದರೆ ಹುರಿದ ಜವೆಗೋದಿಯ ಹಿಟ್ಟು, ನಮ್ಮ ಹುರಿಹಿಟ್ಟಿನ ಹಾಗೆ. ಆದರೆ ಮುಂಡಗೋಡದ ಮಳೆ ಮತ್ತು ಸೆಕೆಯಲ್ಲಿ ಆ ಜವೆಗೋದಿ ಬೆಳೆಯುವಂತಿಲ್ಲ. ಬಂದವರು ಗೋವಿನಜೋಳ, ಭತ್ತ ಬೆಳೆಯುವುದನ್ನು ಕಲಿತರು. ಉಪ್ಪು ಹಾಕಿ ಕಡೆದ ಬೆಣ್ಣೆ ಚಹಾಕ್ಕೆ ಎತ್ತರದ ಹುಲ್ಲುಗಾವಲಿನ ಯಾಕ್ ಜಾತಿಯ ಬೆಣ್ಣೆ ಬೇಕಾಗಿತ್ತು, ಇಲ್ಲಿ ಡೇರಿಯ ಬೆಣ್ಣೆಯೇ ಗತಿ. ಮೊದಲ ಗುಟುಕಿಗೆ ಅದನ್ನು ಚಹಾ ಎಂದುಕೊಂಡರೆ ಮುಖ ಹುಳಿಯಾಗುತ್ತದೆ, ತೆಳ್ಳನೆಯ ಸಾರು ಎಂದುಕೊಂಡು ಕುಡಿಯಿರಿ, ಹಿಡಿಸುತ್ತದೆ. ಚಳಿಗಾಲದಲ್ಲಿ ಅನೇಕ ಮನೆಗಳವರು ಸ್ವೆಟರ್ ವ್ಯಾಪಾರಕ್ಕೆಂದು ಬೇರೆ ನಗರಗಳಿಗೆ ಹೋಗಿರುತ್ತಾರೆ; ಫೆಬ್ರವರಿ ಅಥವಾ ಮಾರ್ಚಿನಲ್ಲಿ ಬರುವ ಲೋಸಾರ್ ಹೊಸವರ್ಷದ ಹೊತ್ತಿಗೆ ಕ್ಯಾಂಪ್ ತುಂಬಿಕೊಳ್ಳುತ್ತದೆ. ವಿದೇಶಿ ಅತಿಥಿಗಳನ್ನು ಕರೆದೊಯ್ಯುವುದಾದರೆ ಅವರಿಗೆ ಕೇಂದ್ರ ಸರಕಾರದ ಪರವಾನಿಗೆ ಬೇಕೆಂಬುದನ್ನು ಮರೆಯಬೇಡಿ, ಅದಕ್ಕೆ ಬಹಳ ಮೊದಲೇ ಅರ್ಜಿ ಹಾಕಬೇಕಾಗುತ್ತದೆ.

ಪ್ರಶ್ನೆ: ಸಿದ್ದಿಯರ ಹಳ್ಳಿಗಳಿಗೂ ಇಂಥ ಪ್ರವಾಸ ಏರ್ಪಡಿಸಬಹುದೇ? (ಹಳಿಯಾಳ)

ಉತ್ತರ: ನನ್ನ ಅಭಿಪ್ರಾಯದಲ್ಲಿ ಹೊರಗಿನವರು ಏರ್ಪಡಿಸಬಾರದು. ಆಫ್ರಿಕದ ಪೂರ್ವ ತೀರದಿಂದ ಗುಲಾಮರಾಗಿ ತರಲ್ಪಟ್ಟವರ ವಂಶಜರು ಹಳಿಯಾಳ, ಯಲ್ಲಾಪುರ, ಅಂಕೋಲೆಯ ಕಾಡಂಚಿನಲ್ಲಿ ನೆಲೆ ಕಂಡುಕೊಂಡ ಚರಿತ್ರೆಯನ್ನು ವ್ಯಾಪಾರಕ್ಕೆ ಬಂದು ನಿಂತವರ ಚರಿತ್ರೆಯ ಜೊತೆ ಒಂದೇ ಪಟ್ಟಿಯಲ್ಲಿ ಇಡಲಾಗದು. ಪರಿ‌ಶಿಷ್ಟ ಪಂಗಡದ ಮಾನ್ಯತೆಯೂ ಅವರಿಗೆ ಸಿಕ್ಕಿದ್ದು 2003ರಲ್ಲಿ. ಅಲ್ಲಿ ಬೀದಿಯಿಲ್ಲ, ತಿಂಡಿಯ ಅಂಗಡಿಗಳ ಸಾಲಿಲ್ಲ, ಇರುವುದು ಮನೆಗಳು. ಸಿದ್ದಿ ಯುವಕರೇ ತಮ್ಮ ಮನೆಗೆ ಊಟಕ್ಕೆ ಕರೆದು ತಾವೇ ದರ ನಿಗದಿ ಮಾಡಿದರೆ ಹೋಗಿ, ಸಂತೋಷದಿಂದ ಉಣ್ಣಿ.

ಪ್ರಶ್ನೆ: ಬೆಂಗಳೂರಿನಿಂದ ಅಳಿಯ ಮಗಳು ಜುಲೈಯಲ್ಲಿ ಬರುತ್ತಾರೆ. ಆಗ ಭಟ್ಕಳದ ನಡಿಗೆ ಸಾಧ್ಯವೇ? (ಅಂಕೋಲಾ)

ಉತ್ತರ: ಸಾಧ್ಯವಿದೆ, ಆದರೆ ಮೀನಿನ ಆಸೆ ಇಟ್ಟುಕೊಳ್ಳಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ ಇರುವುದರಿಂದ ಪೇಟೆಯಲ್ಲಿ ಒಣಮೀನು, ಹೊಳೆಯ ಮೀನು, ಎಲ್ಲಿಂದಲೋ ಬಂದ ಐಸಿನ ಮೀನು ಇಷ್ಟೇ ಇರುತ್ತದೆ. ಬಿರಿಯಾನಿಗೆ, ಬೇಕರಿಗೆ, ಮನೆಯಡುಗೆಗೆ ಮಳೆಯ ಅಡ್ಡಿಯಿಲ್ಲ. ಹಾಗೆ ನೋಡಿದರೆ ಬಿಸಿ ಪೊಳಿ ತಿನ್ನಲು ಜುಲೈಗಿಂತ ಒಳ್ಳೆಯ ತಿಂಗಳಿಲ್ಲ. ಅಂಗಡಿಗಳ ನಡುವಿನ ದೂರ ಕಡಿಮೆ ಮಾಡಿ, ನಾಲ್ಕು ಕಡೆ ನಿಲ್ಲುವ ಬದಲು ಎರಡು ಕಡೆ ಕುಳಿತುಕೊಳ್ಳಿ. ಅಳಿಯಂದಿರಿಗೆ ರೇನ್‌ಕೋಟ್ ತರಲು ಹೇಳಿ. ಖಲೀಫಾ ಸ್ಟ್ರೀಟಿನ ಇಕ್ಕಟ್ಟಿನಲ್ಲಿ ನಾಲ್ಕು ಕೊಡೆ ಬಿಚ್ಚಿ ನಡೆದರೆ ಎದುರಿನಿಂದ ಬರುವವರು ಗಟಾರದ ಮೇಲೆ ನಿಲ್ಲಬೇಕಾಗುತ್ತದೆ.